ಅಪ್‌ಗ್ರೇಡ್ ಆದಮೇಲೆ ಮೇಲ್ ವಿಳಾಸ ಕೆಟ್ಟಿದೆ

ಪ್ರಶ್ನೆ: ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಅಪ್‌ಗ್ರೇಡ್ ಮಾಡುವಾಗ ಹಳೆಯ ಮೇನ್.ಸಿಎಫ್ (ಅದರ ಸೆಟ್ಟಿಂಗ್ ಕಡತ) ಬಿಟ್ಟು ಹೊಸ ಕಡತ ಹಾಕಿಕೊಂಡೆವು. ಈಗ ಸರ್ವರ್ ಕಳಿಸುವ ವರದಿಗಳಲ್ಲಿ ಫ್ರಮ್ (ಕಳಿಸಿದವರ ವಿಳಾಸ) ‘ರೂಟ್@ಮೇಲ್.ಲೋಕಲ್‌ಡೊಮೈನ್’ ಎಂದು ಬರುತ್ತಿದೆ. ಕೆಲವು ಸ್ಪ್ಯಾಮ್‌ಗೆ ಬೀಳುತ್ತಿವೆ. ಜೆನೆರಿಕ್ ಮ್ಯಾಪ್ (ಹೊರಡುವ ಮೇಲ್‌ನ ವಿಳಾಸ ಬದಲಿಸುವ ಪಟ್ಟಿ) ಬರೆದು ವಿಳಾಸ ಬದಲಿಸಿದರೆ ಸಾಕೆ?

ಉತ್ತರ: ಸಾಲದು. ಯಂತ್ರದ ಹೋಸ್ಟ್‌ನೇಮ್ ಬರೀ ‘ಮೇಲ್’ ಎಂದಿದ್ದು, ಮೇನ್.ಸಿಎಫ್‌ನಲ್ಲಿ ಮೈಹೋಸ್ಟ್‌ನೇಮ್ (ಸರ್ವರ್‌ನ ಪೂರ್ತಿ ಹೆಸರು), ಮೈಡೊಮೈನ್ (ಡೊಮೈನ್ ಹೆಸರು) ಎರಡೂ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ತಾನೇ ‘ಲೋಕಲ್‌ಡೊಮೈನ್’ ಅಂಟಿಸಿಕೊಳ್ಳುತ್ತದೆ. ಕೆಡುವುದು ಫ್ರಮ್ ಒಂದೇ ಅಲ್ಲ. ರಿಸೀವ್ಡ್ ಸಾಲು (ಮೇಲ್ ಹಾದುಬಂದ ಸರ್ವರ್‌ನ ಗುರುತು), ಮೆಸೇಜ್-ಐಡಿ, ಆಚೆಯ ಸರ್ವರ್‌ಗೆ ತನ್ನ ಪರಿಚಯವಾಗಿ ಹೇಳುವ ಹೆಲೋ ಹೆಸರು, ಎಲ್ಲಕ್ಕೂ ಅದೇ ಹೋಗುತ್ತದೆ. ಜೆನೆರಿಕ್ ಮ್ಯಾಪ್ ಹೆಲೋವನ್ನು ಮುಟ್ಟುವುದಿಲ್ಲ. ಮೇಲಾಗಿ ಅದು ಕೆಲಸ ಮಾಡುವುದು ಮೇಲ್ ಹೊರಡುವ ಗಳಿಗೆಯಲ್ಲಿ. ಅಷ್ಟರೊಳಗೆ ಡಿಕಿಮ್ ಸಹಿ (ಮೇಲ್ ಆ ಡೊಮೈನ್‌ನದೇ ಎಂದು ತೋರುವ ಡಿಜಿಟಲ್ ಸಹಿ) ಬಿದ್ದಿದ್ದರೆ, ಸಹಿಯಾದ ಫ್ರಮ್ ಬದಲಾಗಿ ಸಹಿಯೇ ಅಸಿಂಧು.

ಮೊದಲು ‘ಪೋಸ್ಟ್‌ಕಾನ್ಫ್ ಮೈಹೋಸ್ಟ್‌ನೇಮ್ ಮೈಡೊಮೈನ್ ಮೈಒರಿಜಿನ್’ ಎಂಬ ಆದೇಶ ಕೊಟ್ಟು ಈಗ ಜಾರಿಯಲ್ಲಿರುವ ಮೌಲ್ಯಗಳನ್ನು ನೋಡಿ. ‘-ಎನ್’ ಹಾಕಿದರೆ ಕಡತದಲ್ಲಿ ಬರೆದವು ಮಾತ್ರ ಕಾಣುತ್ತವೆ. ಬರೆಯದೆ ಬಿಟ್ಟದ್ದೇ ಇಲ್ಲಿ ತೊಂದರೆ. ಮೈಹೋಸ್ಟ್‌ನೇಮ್‌ಗೆ ಡೊಮೈನ್ ಸಮೇತ ಪೂರ್ತಿ ಹೆಸರು ಕೊಡಿ. ನಿಮ್ಮ ಐಪಿಯ ಪಿಟಿಆರ್ ದಾಖಲೆಯಲ್ಲಿರುವ (ಐಪಿಯಿಂದ ಹೆಸರು ತೋರಿಸುವ ಡಿಎನ್‌ಎಸ್ ದಾಖಲೆ) ಹೆಸರೇ ಆದರೆ ಉತ್ತಮ. ಮೈಒರಿಜಿನ್‌ಗೆ, ಅಂದರೆ ಡೊಮೈನ್ ಇಲ್ಲದ ವಿಳಾಸಕ್ಕೆ ಪೋಸ್ಟ್‌ಫಿಕ್ಸ್ ಸೇರಿಸುವ ಹೆಸರಿಗೆ, ‘$ಮೈಡೊಮೈನ್’ ಕೊಟ್ಟರೆ ವರದಿಗಳು ‘ರೂಟ್@ನಿಮ್ಮಡೊಮೈನ್’ ಎಂದು ಹೊರಡುತ್ತವೆ. ಡೆಬಿಯನ್, ಉಬುಂಟುಗಳಲ್ಲಿ ಮೈಒರಿಜಿನ್ ‘/ಇಟಿಸಿ/ಮೇಲ್‌ನೇಮ್’ ಕಡತವನ್ನು ತೋರಿಸುತ್ತಿರಬಹುದು. ಹಾಗಿದ್ದರೆ ತಿದ್ದಬೇಕಾದ್ದು ಆ ಕಡತವನ್ನು. ಆಮೇಲೆ ‘ಪೋಸ್ಟ್‌ಫಿಕ್ಸ್ ರಿಲೋಡ್’.

ಸರದಿಯಲ್ಲಿ ನಿಂತ ಮೇಲ್‌ಗಳಲ್ಲಿ ತಪ್ಪು ವಿಳಾಸ ಆಗಲೇ ಅಚ್ಚಾಗಿದೆ, ರಿಲೋಡ್‌ನಿಂದ ಅದು ಅಳಿಯದು. ಪರೀಕ್ಷೆಗೆ ಹೊಸ ಮೇಲನ್ನೇ ಹೊರಗಿನ ವಿಳಾಸಕ್ಕೆ ಕಳಿಸಿ, ಪೂರ್ತಿ ಹೆಡರ್ ತೆರೆದು ರಿಸೀವ್ಡ್ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಪ್ರತಿ ಸರ್ವರ್ ತನ್ನ ಸಾಲನ್ನು ತಲೆಯ ಮೇಲೆ ಸೇರಿಸುತ್ತದೆ, ಹಾಗಾಗಿ ಹಳೆಯದು ತಳದಲ್ಲಿರುತ್ತದೆ.

ಇಷ್ಟಾದರೂ ‘ಲೆಕ್ಕ@ಮೇಲ್’ ಎಂಬಂಥ ಅರೆ ವಿಳಾಸ ಉಳಿದರೆ ಹೊಸ ಕಡತದ ಕಂಪ್ಯಾಟಿಬಿಲಿಟಿ ಲೆವೆಲ್ (ಹಳೆಯ ಸಹಜ ಮೌಲ್ಯಗಳೋ ಹೊಸವೋ ಎಂದು ನಿರ್ಧರಿಸುವ ಸಂಖ್ಯೆ) ನೋಡಿ. ಅದು 1 ಅಥವಾ ಹೆಚ್ಚಿದ್ದರೆ ಅಪೆಂಡ್-ಡಾಟ್-ಮೈಡೊಮೈನ್‌ನ ಸಹಜ ಮೌಲ್ಯ ‘ನೋ’. ಡೊಮೈನ್ ಸೇರಿಸುವ ಹಳೆಯ ಅಭ್ಯಾಸ ನಿಂತುಹೋಗಿರುತ್ತದೆ. ಬೇರೆ ಯಂತ್ರದಿಂದ ಬಂದ ಮೇಲ್‌ನ ಹೆಡರನ್ನಂತೂ ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ತಿದ್ದುವುದೇ ಇಲ್ಲ. ಸ್ಕ್ಯಾನರ್, ಲೆಕ್ಕದ ತಂತ್ರಾಂಶ ಇಂಥವು ಇದ್ದರೆ ಅವುಗಳ ಸೆಟ್ಟಿಂಗ್‌ನಲ್ಲೇ ಪೂರ್ತಿ ವಿಳಾಸ ಬರೆಯಿರಿ.