ಪದಗಳ ಹುಟ್ಟಿನ ಕಥೆ ಹಿಡಿದು ಕವಿತೆ ಬರೆಯಬಹುದಾ?

ಧಾರಾಳವಾಗಿ. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಹಸಿದು ಬಂದ ಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ‘ಬೆಂದಕಾಳೂರು’ ಅನ್ನುತ್ತಾರೆ. ಆದರೆ ಬೇಗೂರಿನ ಸುಮಾರು 890ರ ವೀರಗಲ್ಲಿನಲ್ಲಿ ಆಗಲೇ ‘ಬೆಂಗಳೂರು’ ಇದೆ. ಬಲ್ಲಾಳ ಹುಟ್ಟಿದ್ದೇ ಎಷ್ಟೋ ತಲೆಮಾರು ಆಮೇಲೆ! ಕಥೆ ಬಿದ್ದುಹೋದರೂ ಕವಿತೆಗೆ ನಷ್ಟವಿಲ್ಲ. ಒಂದು ಕಡೆ ಕಾಳಿನ ಬಿಸಿ, ಇನ್ನೊಂದು ಕಡೆ ಕಲ್ಲಿನ ತಣುಪು. ನನಗಂತೂ ಆ ಜಗಳವೇ ಜಾಸ್ತಿ ಇಷ್ಟ.

ಚಿಕ್ಕ ಪದವಾದರೆ ಇನ್ನೂ ಸುಲಭ. ‘ಬೀಗದ ಕೈ’ ಅನ್ನುತ್ತೇವೆ, ಬೀಗಕ್ಕೂ ಒಂದು ಕೈ ಅಲ್ವಾ? ‘ಚಾವಿ’ ಪೋರ್ಚುಗೀಸರಿಂದ ಬಂದದ್ದು. ಸುಮ್ನೆ ಹೀಗೆ ಶುರು ಮಾಡಿ:

ಬೀಗ ಮನೆಯದು,
ಚಾವಿ ಹಡಗಿನದು,
ತೆರೆದದ್ದು ಮಾತ್ರ ನನ್ನ ಕೈ.