ಹದಿನೆಂಟನೆಯ ವಚನಕ್ಕೆ ಮೊದಲು

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯಲಾಗಿದೆ.)

ಕರಾವಳಿಯ ಪ್ರೊಟೆಸ್ಟೆಂಟ್ ಸಭೆಯೊಂದಕ್ಕೆ ಸೇರಿದ, ನಲವತ್ತು ದಾಟಿದ ಈ ಮಹಿಳೆ ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ನಿದ್ರೆ ಬರುವುದಿಲ್ಲವೆಂಬ ಒಂದೇ ದೂರಿನೊಂದಿಗೆ. ಗಂಡನ ಮೂತ್ರಪಿಂಡಗಳು ಕೈಕೊಟ್ಟು ವರ್ಷ ಕಳೆದಿತ್ತು. ವಾರಕ್ಕೆ ಮೂರು ಬಾರಿ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ನಡೆಯುತ್ತಿತ್ತು. ಗಲ್ಫ್‌ನಲ್ಲಿ ದುಡಿದು ಕೂಡಿಟ್ಟ ಹಣ ಕರಗಿ, ಬಳೆಗಳು ಗಿರವಿಗೆ ಹೋಗಿದ್ದವು. ಇಷ್ಟನ್ನು ಹೇಳುವಾಗಲೂ ಆಕೆ ಪ್ರತಿ ಮಾತಿನ ಕೊನೆಗೆ 'ದೇವರಿಗೆ ಸ್ತೋತ್ರ' ಎಂದು ಸೇರಿಸುತ್ತಿದ್ದರು, ಮತ್ತು ಹಾಗೆ ಹೇಳುವಾಗ ಅವರ ದೃಷ್ಟಿ ಬಾಗಿಲ ಕಡೆಗಿರುತ್ತಿತ್ತು.

ಸ್ತ್ರೀಯರ ಪ್ರಾರ್ಥನಾಕೂಟದಲ್ಲಿ ಅವರಿಗೆ ಒಂದು ನೋಟ್‌ಪುಸ್ತಕ ಕೊಟ್ಟು, ದಿನವೂ ಕೃತಜ್ಞತೆಯ ಒಂದು ಸಾಲನ್ನು ಬರೆಯುವಂತೆ ಹೇಳಿದ್ದರು. ಎರಡನೆಯ ಭೇಟಿಗೆ ಅದನ್ನು ತಂದರು. ಪುಟ ಪುಟಗಳಲ್ಲಿ ಒಂದೇ ವಾಕ್ಯ: 'ಕರ್ತನೇ, ಈ ಕಾಯಿಲೆಗಾಗಿ ಸ್ತೋತ್ರ.' ಅಕ್ಷರ ದುಂಡಗಿತ್ತು, ಆದರೆ ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದರೆಂದರೆ ಮುಂದಿನ ಮೂರು ಖಾಲಿ ಹಾಳೆಗಳ ಮೇಲೂ ಆ ವಾಕ್ಯವನ್ನು ಬೆರಳಿನಿಂದ ಓದಬಹುದಿತ್ತು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಸಾಂತ್ವನಕ್ಕೆಂದು ಬೈಬಲಿನ ಕೀರ್ತನೆಯೊಂದನ್ನು ತೆರೆಯಹೊರಟಾಗ ಆಕೆ, 'ನೀವೂ ವಚನವನ್ನೇ ಕೊಡುತ್ತೀರಾ?' ಎಂದು ಕೇಳಿದರು. ಪುಸ್ತಕ ಮುಚ್ಚಿ, ಮುಂದಿನ ಮುಕ್ಕಾಲು ಗಂಟೆ ಸುಮ್ಮನೆ ಕೇಳಿಸಿಕೊಂಡೆ. ಬೆಳಗ್ಗೆ ಏಳದೇ ಹೋದರೆ ಸಾಕೆಂದು ಕೆಲವು ರಾತ್ರಿ ಅನಿಸುವುದುಂಟು ಎಂಬ ಮಾತು ಹೊರಬಂದದ್ದು ಆಗಲೇ.

ಜೀವ ತೆಗೆದುಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದೆ, ಇರಲಿಲ್ಲ. ಆದರೂ ಮನೋವೈದ್ಯರ ಬಳಿಗೆ ಕಳುಹಿಸಿದೆ, ಹಗಲು ರಾತ್ರಿ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ. ಔಷಧಿ ಎಂದರೆ ಅಪನಂಬಿಕೆಯಲ್ಲವೇ ಎಂಬ ಪ್ರಶ್ನೆ ನಿರೀಕ್ಷಿತವೇ ಆಗಿತ್ತು. ಸಾಯಲು ಬಯಸಿ ಗಿಡವೊಂದರ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟನು. ತಿಂದವನು ಮತ್ತೆ ಮಲಗಿದನು. ಈ ಪ್ರಸಂಗವನ್ನು ಆಕೆ ಭಾನುವಾರದ ಶಾಲೆಯಿಂದಲೂ ಬಲ್ಲರು, ಆದರೆ ಅದರಲ್ಲಿರುವ ನಿದ್ರೆಯನ್ನು ಗಮನಿಸಿರಲಿಲ್ಲ.

ಮೂರನೆಯ ಭೇಟಿಯಲ್ಲಿ ವಚನವನ್ನು ಅವರೇ ಎತ್ತಿದರು. 'ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ' ಎಂಬುದು ಬೈಬಲಿನಲ್ಲಿ ಅಪೊಸ್ತಲ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದ 18ನೆಯ ವಚನ, ಮತ್ತು ಕೂಟದಲ್ಲಿ ಅವರಿಗೆ ಪದೇ ಪದೇ ಹೇಳಲಾಗುತ್ತಿದ್ದುದು ಅದೇ. ಹಿಂಸೆ ಅನುಭವಿಸುತ್ತಿದ್ದ ಸಭೆಗೆ ಬರೆದ ಆ ಮಾತು ಎಲ್ಲಾ ಸ್ಥಿತಿಯಲ್ಲಿಯೂ ಎನ್ನುತ್ತದೆಯೇ ಹೊರತು ಕಾಯಿಲೆಗೇ ಕೃತಜ್ಞರಾಗಿರಿ ಎನ್ನುವುದಿಲ್ಲ. ಎಫೆಸದವರಿಗೆ ಬರೆದದ್ದರಲ್ಲಿ 'ಎಲ್ಲಾ ಕಾರ್ಯಗಳಿಗೋಸ್ಕರ' ಎಂದಿದೆಯಲ್ಲ ಎಂದು ಆಕೆ ಸರಿಯಾಗಿಯೇ ತಡೆದರು. ಆದರೆ ಅದನ್ನು ಬರೆದ ಸಂಪ್ರದಾಯವೇ 'ಇನ್ನೆಷ್ಟು ಕಾಲ?' ಎಂದು ನಾಲ್ಕು ಬಾರಿ ಕೇಳುವ ಹದಿಮೂರನೆಯ ಕೀರ್ತನೆಯನ್ನೂ ಪ್ರಾರ್ಥನೆಯಾಗಿ ಉಳಿಸಿಕೊಂಡಿದೆ, ದೂರನ್ನು ದೇವರ ಮುಂದೆಯೇ ಇಡುವುದು ಅವನನ್ನು ನಂಬಿದವರು ಮಾತ್ರ ಮಾಡುವ ಕೆಲಸ ಎಂದೆ. ಅನಂತರ ಥೆಸಲೋನಿಕದವರಿಗೆ ಬರೆದ ಅದೇ ಅಧ್ಯಾಯದ 14ನೆಯ ವಚನವನ್ನು ಓದಲು ಹೇಳಿದೆ. ಮನಗುಂದಿದವರನ್ನು ಧೈರ್ಯಪಡಿಸಿ, ಬಲಹೀನರಿಗೆ ಆಧಾರವಾಗಿರಿ ಎಂದು ಸಭೆಗೆ ಹೇಳುವ ಮಾತದು, 18ನೆಯದಕ್ಕಿಂತ ನಾಲ್ಕೇ ವಚನ ಮೊದಲು. ಆಕೆ ಎರಡು ಸಲ ಓದಿ, 'ಇದನ್ನು ನನಗೆ ಯಾರೂ ಓದಿ ಹೇಳಲಿಲ್ಲ' ಎಂದು ಅತ್ತರು.

ಕೊಟ್ಟ ಸಲಹೆ ಹೆಚ್ಚೇನಲ್ಲ. ಕಾಯಿಲೆಗಾಗಿ ಸ್ತೋತ್ರ ಬರೆಯುವುದನ್ನು ನಿಲ್ಲಿಸಬೇಕು. ಮೊದಲು ಆ ದಿನದ ದೂರನ್ನು ಬರೆಯಬೇಕು, ಬಳಿಕ ನಿಜವಾಗಿ ನಡೆದ ಒಂದು ಒಳಿತು ಕಂಡರೆ ಅದನ್ನು, ಕಾಣದಿದ್ದರೆ ಸಾಲನ್ನು ಖಾಲಿ ಬಿಡಬೇಕು. ಕೂಟದಲ್ಲಿ ಸಾಕ್ಷಿ ಹೇಳುವುದರಿಂದ, ಅಂದರೆ ದೇವರು ಮಾಡಿದ ಒಳಿತನ್ನು ಎಲ್ಲರ ಮುಂದೆ ಹೇಳುವುದರಿಂದ, ಎರಡು ತಿಂಗಳು ಬಿಡುವು ಕೇಳಿಕೊಳ್ಳಬೇಕು. ಇನ್ನೊಂದು ಸಂಗತಿ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸಿತ್ತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ 2016ರಿಂದ ಇದ್ದರೂ, ಬಿಪಿಎಲ್ ಕಾರ್ಡ್ ಕೈಯಲ್ಲಿದ್ದ ಇವರು ಅದನ್ನು ವಿಚಾರಿಸಿರಲಿಲ್ಲ. ದೇವರು ಒದಗಿಸುವನೆಂದು ನಂಬಿದವರು ಕೈಚಾಚಬಾರದು ಎಂಬುದು ಗಂಡನ ನಿಲುವು. ಎಲೀಯನಿಗೆ ಕಾಗೆಗಳ ಮೂಲಕ ರೊಟ್ಟಿ ಕಳುಹಿಸಿದವನು ಆಸ್ಪತ್ರೆಯ ಗುಮಾಸ್ತರ ಮೂಲಕ ಕಳುಹಿಸಲಾರನೇ ಎಂದು ಮನೆಯಲ್ಲಿ ಕೇಳಿ ನೋಡಿ ಎಂದೆ. ಕೇಳಿದರು, ಆತ ನಕ್ಕರಂತೆ, ಅರ್ಜಿಗೆ ಸಹಿ ಹಾಕಿದರಂತೆ.

ಆರನೆಯ ಭೇಟಿಯ ಹೊತ್ತಿಗೆ ನಿದ್ರೆ ಐದು ಗಂಟೆಗೆ ಬಂದಿತ್ತು, ಔಷಧಿ ಮುಂದುವರಿದಿತ್ತು. ನೋಟ್‌ಪುಸ್ತಕದ ಅಂದಿನ ಪುಟವನ್ನು ಓದಲು ಕೊಟ್ಟರು: 'ಅವರಿಗೆ ನೀರು ಚಿಕ್ಕ ಲೋಟದಲ್ಲಿ ಅಳೆದು ಕೊಟ್ಟೆ. ಬೈದರು. ನಾನೂ ಬೈದೆ. ಇನ್ನೆಷ್ಟು ದಿನ, ಕರ್ತನೇ? ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಅವರು ನನ್ನ ಹೆಗಲ ಮೇಲೆ ನಿದ್ದೆ ಮಾಡಿದರು. ಸ್ತೋತ್ರ.' ಹಾಳೆ ತಿರುಗಿಸಿ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿದೆ, ನುಣುಪಾಗಿತ್ತು.