ಕಂತು ಕಟ್ಟುವವರೂ ವಿಮರ್ಶೆ ಬರೆಯುವವರೂ

ಮಾನ್ಯರೇ,

ಕಳೆದ ಸಂಚಿಕೆಯ ವಾಹನ ಅಂಕಣದಲ್ಲಿ ನಿಮ್ಮ ಕಾರನ್ನು ಕುರಿತು ಪ್ರಕಟವಾದ ವಿಮರ್ಶೆಗೆ ಪ್ರತಿಯಾಗಿ ನೀವು ಬರೆದ ಪತ್ರವೂ, ಅದರ ಜೊತೆಗಿಟ್ಟ ಜೆರಾಕ್ಸ್ ಪ್ರತಿಗಳೂ ತಲುಪಿವೆ. ಅದೇ ಕಾರನ್ನು ಇಟ್ಟುಕೊಂಡಿರುವ ದಾವಣಗೆರೆ, ಜಗಳೂರು ಮತ್ತು ಹರಿಹರದ ಇನ್ನೂ ಎಂಟು ಮಂದಿ ನಿಮ್ಮ ಪತ್ರಕ್ಕೆ ಸಹಿ ಹಾಕಿದ್ದಾರೆ. ಇಡೀ ಪತ್ರವನ್ನು ಅಚ್ಚು ಹಾಕಲು ಜಾಗ ಸಾಲದ್ದರಿಂದ ಅದರ ಸಾರವನ್ನು ಮೊದಲು ಓದುಗರ ಮುಂದಿಡುತ್ತೇನೆ. ನಾಲ್ಕು ಮೀಟರಿಗಿಂತ ಚಿಕ್ಕದಾದ, ಕಡಿಮೆ ಬೆಲೆಯ ಈ ಎಸ್‌ಯುವಿಯ ಎಂಜಿನ್‌ಗೆ ಪಿಕಪ್ ಇಲ್ಲ, ಒಳಗಿನ ಪ್ಲಾಸ್ಟಿಕ್ ಅಗ್ಗದ್ದು, ಮೈಲೇಜ್ ಕಂಪನಿ ಹೇಳಿದಷ್ಟು ಬರುವುದಿಲ್ಲ, ಸುರಕ್ಷತೆಯ ನಕ್ಷತ್ರಗಳು ಹಳೆಯ ನಿಯಮದ ಕಾಲದವು ಎಂದು ನಮ್ಮ ವಿಮರ್ಶಕರು ಬರೆದದ್ದು ಅನ್ಯಾಯವೆಂಬುದು ನಿಮ್ಮ ವಾದ. "ಎರಡು ದಿನ ಓಡಿಸಿ ತೀರ್ಪು ಕೊಡುವವರು ಅವರು, ಐದು ವರ್ಷ ಕಂತು ಕಟ್ಟುವವರು ನಾವು" ಎಂದು ಬರೆದಿದ್ದೀರಿ. ಇಂಥ ಬರಹಗಳಿಂದ ಗಾಡಿಯ ಮರುಮಾರಾಟದ ಬೆಲೆ ಬೀಳುತ್ತದೆಂದು ದೂರಿ, ಅದೇ ಕಾರಣಕ್ಕೆ ನಿಮ್ಮ ಹೆಸರನ್ನೂ ಕಾರಿನ ಹೆಸರನ್ನೂ ಈ ಉತ್ತರದಲ್ಲಿ ಎತ್ತಬಾರದೆಂದು ಕೋರಿದ್ದೀರಿ. ಎತ್ತಿಲ್ಲ. ಕಳೆದ ಸಂಚಿಕೆಯನ್ನು ಮನೆಯಲ್ಲಿ ಜೋಪಾನ ಮಾಡಿಟ್ಟವರಿಗೆ ಅದು ಹೇಗೂ ಗೊತ್ತಾಗುತ್ತದೆ. ಅದಕ್ಕೆ ನಾನು ಹೊಣೆಯಲ್ಲ.

ಪ್ಲಾಸ್ಟಿಕ್ಕಿನ ವಿಷಯವನ್ನು ಬೇಗ ಮುಗಿಸಿಬಿಡೋಣ. "ಗಟ್ಟಿ ಪ್ಲಾಸ್ಟಿಕ್ ಇದ್ದರೆ ಏನಾಯಿತು, ನಾವೇನು ಡ್ಯಾಶ್‌ಬೋರ್ಡನ್ನು ನೆಕ್ಕುತ್ತೇವೆಯೇ?" ಎಂಬ ನಿಮ್ಮ ಪ್ರಶ್ನೆಯನ್ನು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು, ವಿಮರ್ಶೆ ಬರೆದವರೂ ಸೇರಿ. ಜಗಳೂರಿನ ಬೇಸಿಗೆಯ ಕೆಂಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಕೂರುವಂಥದ್ದು. ಗಟ್ಟಿ ಪ್ಲಾಸ್ಟಿಕ್ಕನ್ನು ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸಾಕು ಎನ್ನುವ ನಿಮ್ಮ ಮಾತನ್ನು ದುಬಾರಿ ಕಾರಿನ ಮೆತ್ತನೆಯ ಹೊದಿಕೆಯ ಸಂದಿಗಳಿಂದ ಧೂಳು ತೆಗೆದವರು ಯಾರೂ ಅಲ್ಲಗಳೆಯಲಾರರು.

ಮೈಲೇಜಿನ ವಿಷಯ ಹಾಗಲ್ಲ. ನೀವು ಕಳುಹಿಸಿದ ಪೆಟ್ರೋಲ್ ಲೆಕ್ಕದ ಪುಸ್ತಕದ ಪ್ರತಿಗಳನ್ನು ನಾನು ಸಾಲು ಸಾಲಾಗಿ ಓದಿದ್ದೇನೆ. ದಿನಾಂಕ, ಕಿಲೋಮೀಟರ್, ಲೀಟರ್, ರೂಪಾಯಿ. ಮೇ ತಿಂಗಳ ಸಾಲುಗಳ ಪಕ್ಕದಲ್ಲಿ "ಎಸಿ ಫುಲ್" ಎಂಬ ಷರಾ. ಮುಂಗಾರು ಶುರುವಾದ ಮೇಲೆ ಒಂದು ಕಡೆ "ಯೂರಿಯಾ 5 ಮೂಟೆ" ಎಂಬ ಇನ್ನೊಂದು ಷರಾ. ಹೆಚ್ಚಿನ ಸಲ ನೀವು ಟ್ಯಾಂಕ್ ತುಂಬಿಸಿಲ್ಲ, ಸಾವಿರಕ್ಕೋ ಎರಡು ಸಾವಿರಕ್ಕೋ ಹಾಕಿಸಿದ್ದೀರಿ. ಹೀಗೆ ಹಾಕಿಸಿದಾಗ ಪ್ರತಿ ಸಲದ ಮೈಲೇಜ್ ಲೆಕ್ಕ ಹಾಕಲು ಬರುವುದಿಲ್ಲ, ಏಕೆಂದರೆ ಟ್ಯಾಂಕಿನಲ್ಲಿ ಮೊದಲೇ ಎಷ್ಟು ಉಳಿದಿತ್ತೆಂಬುದು ತಿಳಿಯದು. ಆದರೆ ವರ್ಷಗಟ್ಟಲೆಯ ಲೆಕ್ಕವನ್ನು ಒಟ್ಟು ಕೂಡಿಸಿ, ಓಡಿದ ಕಿಲೋಮೀಟರನ್ನು ಸುಟ್ಟ ಲೀಟರಿನಿಂದ ಭಾಗಿಸಿದಾಗ ಆ ಹೆಚ್ಚುಕಡಿಮೆಗಳು ನಗಣ್ಯವಾಗುತ್ತವೆ. ಹಾಗೆ ನೋಡಿದರೆ ನಿಮಗೆ ಲೀಟರಿಗೆ ಸುಮಾರು 16 ಕಿಲೋಮೀಟರ್ ಸಿಕ್ಕಿದೆ. ನಮ್ಮ ವಿಮರ್ಶಕರಿಗೆ ದಾವಣಗೆರೆಯ ಮಂಡಿಪೇಟೆ, ಗಡಿಯಾರ ಕಂಬದ ಸುತ್ತಮುತ್ತ ಎಸಿ ಹಾಕಿಕೊಂಡು ಓಡಿಸಿದಾಗ ಸಿಕ್ಕಿದ್ದು 12. ಎಂಜಿನ್ ಬಿಸಿಯಾಗುವ ಮೊದಲೇ ಮುಗಿದುಹೋಗುವ ಊರೊಳಗಿನ ಓಡಾಟಕ್ಕೂ, ಬೆಳಿಗ್ಗೆ ಹೊರಟು ಒಂದೇ ವೇಗದಲ್ಲಿ ಜಗಳೂರು ತಲುಪುವ ಓಡಾಟಕ್ಕೂ ಇಷ್ಟು ಅಂತರ ಸಹಜವಾದ್ದರಿಂದ ಎರಡೂ ನಿಜ. ಕಂಪನಿ ಜಾಹೀರಾತಿನಲ್ಲಿ ಹಾಕುವ ಅಂಕಿಯಾದರೋ ರಸ್ತೆಯದ್ದಲ್ಲ. ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ, ಗಂಟೆಗೆ 90 ಕಿಲೋಮೀಟರ್ ಮೀರದ ನಿಗದಿತ ವೇಗದಲ್ಲಿ ಪ್ರಯೋಗಾಲಯದೊಳಗೆ ಅಳೆದದ್ದು ಅದು. ಇದರ ಮೇಲೆ ಈಗ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದ್ದರಿಂದ ಮೈಲೇಜ್ ಸ್ವಲ್ಪ ಇಳಿಯಲೇಬೇಕು. (ಮೆಕ್ಕೆಜೋಳದಿಂದಲೂ ಎಥನಾಲ್ ತಯಾರಾಗುವುದರಿಂದ ನಮ್ಮ ಕಡೆಯ ರೈತರಿಗೆ ಇದರಲ್ಲಿ ಅಂಥ ಬೇಸರ ಇರಲಾರದು.) ಇಂಥ ಲೆಕ್ಕದ ಪುಸ್ತಕವನ್ನು ಯಾವ ವಿಮರ್ಶಕನೂ ತಯಾರಿಸಲಾರ. ಎರಡು ದಿನ ಓಡಿಸಿದವರಿಗೆ ಸಿಗದ ಸಾಕ್ಷ್ಯ ಇದು ಎಂಬ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಎಂಜಿನ್ನಿನ ವಿಷಯದಲ್ಲಿ ಮಾತ್ರ ನಿಮ್ಮೊಂದಿಗೆ ಹೆಜ್ಜೆ ಹಾಕಲಾರೆ.

ನಿಮ್ಮದು ಒಂದು ಲೀಟರಿನ, ಮೂರು ಸಿಲಿಂಡರಿನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್. ಈ ಬಗೆಯ ಎಂಜಿನ್ ಕೊಡುವ ಶಕ್ತಿ 70 ಅಶ್ವಶಕ್ತಿಯ ಆಸುಪಾಸಿನದು; ಎಳೆತ, ಅಂದರೆ ಟಾರ್ಕ್, 95 ನ್ಯೂಟನ್ ಮೀಟರಿನ ಆಸುಪಾಸಿನದು. ಇಷ್ಟು ಎತ್ತರದ, ಒಂದು ಟನ್ ತೂಗುವ ಗಾಡಿಗೆ ಇಷ್ಟು ಚಿಕ್ಕ ಎಂಜಿನ್ ಏಕೆ ಬಂತೆಂಬುದಕ್ಕೆ ಉತ್ತರ ತೆರಿಗೆಯಲ್ಲಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದಾಗ ಸಣ್ಣ ಕಾರೆಂದರೆ ನಾಲ್ಕು ಮೀಟರ್ ಮೀರದ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಎಂಜಿನ್ ಎಂದು ಗೆರೆ ಎಳೆಯಲಾಯಿತು. ಆ ಗೆರೆಯೊಳಗೆ ಎಸ್‌ಯುವಿಯ ಆಕಾರವನ್ನು ತುಂಬುವ ಆಟ 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ಬಂದ ಮೇಲೆ ಜೋರಾಯಿತು. 2016ರಲ್ಲಿ ಬಂದ ಮಾರುತಿ ವಿಟಾರಾ ಬ್ರೆಝಾ ಕೇವಲ ಡೀಸೆಲ್ ಎಂಜಿನ್ನಿನಲ್ಲಿ ಸಿಗುತ್ತಿತ್ತು, ಅದರ ಎಳೆತ 200 ನ್ಯೂಟನ್ ಮೀಟರ್. ನಮ್ಮ ಕಡೆಯ ಅಡಿಕೆ ವ್ಯಾಪಾರಿಗಳು, ಗುತ್ತಿಗೆದಾರರು ಅಂಥ ಡೀಸೆಲ್ ಗಾಡಿಗಳಿಗೆ ಒಗ್ಗಿಹೋದರು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್‌6 ನಿಯಮ ಬಂದು ಸಣ್ಣ ಡೀಸೆಲ್ ಎಂಜಿನ್‌ಗಳು ಒಂದೊಂದಾಗಿ ಮಾಯವಾದ ಮೇಲೆ, ಅದೇ ಆಕಾರದ ಗಾಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಎಳೆತದ ಪೆಟ್ರೋಲ್ ಎಂಜಿನ್ ಕೂತಿತು. ವಿಮರ್ಶಕರ ಅಸಮಾಧಾನದ ಹಿಂದೆ ಈ ಇತಿಹಾಸವಿದೆ. ಮಾರುತಿ 800ರಿಂದಲೋ ಬೈಕಿನಿಂದಲೋ ಮೇಲಕ್ಕೆ ಬಂದವರಿಗೆ ಅದು ಕಾಣದಿರುವುದು ಸಹಜ. ಅವರು ಹಿಂದಿನ ತಮ್ಮ ಗಾಡಿಗೆ ಹೋಲಿಸುತ್ತಾರೆ, ವಿಮರ್ಶಕರು ಅಷ್ಟೇ ದುಡ್ಡಿಗೆ ಸಿಗುವ ಬೇರೆ ಗಾಡಿಗೆ ಹೋಲಿಸುತ್ತಾರೆ.

"ಐದು ಮೂಟೆ ಯೂರಿಯಾ ಹೇರಿಕೊಂಡು ಬಂದರೂ ಗಾಡಿ ಉಸಿರು ಬಿಡಲಿಲ್ಲ" ಎಂದು ಬರೆದಿದ್ದೀರಿ. ಮೂಟೆಗೆ 45 ಕೆ.ಜಿ.ಯಂತೆ 225 ಕೆ.ಜಿ. ಆಯಿತು, ನಿಮ್ಮ ತೂಕ ಬೇರೆ. ಗಾಡಿ ಅದನ್ನು ಎಳೆಯಿತೆಂಬುದರಲ್ಲಿ ಸಂಶಯವಿಲ್ಲ. ಎಳೆಯುವುದು ಬೇರೆ, ಎದುರಿನಿಂದ ವಾಹನ ಬರುತ್ತಿರುವಾಗ ಲಾರಿಯನ್ನು ಹಿಂದೆ ಹಾಕುವುದು ಬೇರೆ. ನಮ್ಮ ವಿಮರ್ಶಕರು ಬರೆದದ್ದು ಎರಡನೆಯದನ್ನು ಕುರಿತು, ಅದೂ ಐದು ಮಂದಿ ದೊಡ್ಡವರು ಮತ್ತು ಲಗೇಜು ಕೂಡಿದಾಗ. ಆಗ ಗಾಡಿಯ ತೂಕ ಮೂರನೇ ಒಂದು ಪಾಲಿನಷ್ಟು ಏರುತ್ತದೆ. ಚನ್ನಗಿರಿ ಕಡೆಯ ಎರಡು ಪಥದ ರಸ್ತೆಯಲ್ಲಿ ಅಡಿಕೆ ಹೇರಿದ ಲಾರಿಯೊಂದರ ಹಿಂದೆ ನೀವು ಗಂಟೆಗೆ 60 ಕಿಲೋಮೀಟರಿನಲ್ಲಿದ್ದೀರಿ ಎಂದುಕೊಳ್ಳಿ. ಓವರ್‌ಟೇಕ್ ಮಾಡಲು 80ಕ್ಕೆ ಏರಬೇಕು. ನಿಮ್ಮ ಸರಾಸರಿ ವೇಗ 70, ಎದುರಿನಿಂದ ಬರುವ ಬಸ್ಸಿನದು 80. ಎರಡೂ ಸೇರಿ ಗಂಟೆಗೆ 150 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 42 ಮೀಟರ್ ರಸ್ತೆ ನಿಮ್ಮಿಬ್ಬರ ನಡುವೆ ಕರಗುತ್ತಿರುತ್ತದೆ. ಬಲವಾದ ಎಂಜಿನ್ನಿಗಿಂತ ನಿಮ್ಮದು ಮೂರೇ ಸೆಕೆಂಡು ಹೆಚ್ಚು ತೆಗೆದುಕೊಂಡರೂ ಸುಮಾರು 125 ಮೀಟರ್ ಹೆಚ್ಚು ಖಾಲಿ ರಸ್ತೆ ನಿಮಗೆ ಬೇಕು. ಜಗಳೂರಿನ ಬಯಲಿನಲ್ಲಿ ಎದುರಿನ ವಾಹನ ದೂರದಿಂದಲೇ ಕಾಣುತ್ತದೆ, ಆ 125 ಮೀಟರ್ ಎಲ್ಲಾದರೂ ಸಿಕ್ಕೀತು. ತೋಟಗಳ ನಡುವೆ ತಿರುಗಿ ತಿರುಗಿ ಹೋಗುವ ರಸ್ತೆಯಲ್ಲಿ ಸಿಗುವುದಿಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಇಲ್ಲಿ ಅಷ್ಟರಮಟ್ಟಿಗೆ ತೆಳು. ಟರ್ಬೊ ಇಲ್ಲದ ಎಂಜಿನ್ ನೂರು ಮೀಟರಿಗೆ ಶೇ 1ರಂತೆ ಶಕ್ತಿ ಕಳೆದುಕೊಳ್ಳುತ್ತದೆಂಬ ಅಂದಾಜಿನಲ್ಲಿ, ಕಾಗದದ ಮೇಲಿನ 70 ಅಶ್ವಶಕ್ತಿ ನಮ್ಮೂರಿನಲ್ಲಿ 66ರ ಸುಮಾರಿಗೆ ಇಳಿದಿರುತ್ತದೆ.

ಸಹಿ ಹಾಕಿದವರಲ್ಲಿ ಕೆಲವರು ತಾವು ಓಡಾಡುವ ದಾರಿಯನ್ನೂ ಬರೆದಿದ್ದಾರೆ. ಹೆಚ್ಚಿನವರದು ರಾಷ್ಟ್ರೀಯ ಹೆದ್ದಾರಿ 48: ಚಿತ್ರದುರ್ಗ, ಹಿರಿಯೂರು, ಬೆಂಗಳೂರು, ಇಲ್ಲವೇ ಹರಿಹರ ದಾಟಿ ಹುಬ್ಬಳ್ಳಿ. ನಡುವೆ ವಿಭಜಕವಿರುವ ಆ ರಸ್ತೆಯಲ್ಲಿ ಎದುರಿನ ವಾಹನದ ಪ್ರಶ್ನೆಯೇ ಏಳುವುದಿಲ್ಲ. ನಿಧಾನವಾಗಿ ವೇಗ ಏರಿಸಿಕೊಂಡರೂ ಯಾರಿಗೂ ನಷ್ಟವಿಲ್ಲ. ಹಾಗಾಗಿ ಒಂಬತ್ತು ಸಹಿಗಳು ಹೇಳುವುದು ಹೆದ್ದಾರಿಯಲ್ಲಿ ಈ ಕಾರು ಸುಖವಾಗಿದೆ ಎಂಬುದನ್ನು. ಅದನ್ನು ನಮ್ಮ ವಿಮರ್ಶೆ ಎಲ್ಲಿಯೂ ನಿರಾಕರಿಸಿರಲಿಲ್ಲ. ಇನ್ನೊಂದು ಮಾತು: ಈ ಕಾರನ್ನು ಕೊಂಡು, ಒಗ್ಗದೆ, ಎರಡೇ ವರ್ಷಕ್ಕೆ ಮಾರಿದವರ ಸಹಿ ನಿಮ್ಮ ಪತ್ರದಲ್ಲಿ ಇರಲು ಸಾಧ್ಯವಿಲ್ಲ. ಅಂಥವರು ಇದ್ದಾರೋ ಇಲ್ಲವೋ, ಇದ್ದರೆ ಎಷ್ಟು ಮಂದಿ ಎಂಬುದನ್ನು ಸಹಿಗಳ ಎಣಿಕೆಯಿಂದ ತಿಳಿಯಲಾಗದು.

ಸುರಕ್ಷತೆಗೆ ಬರುತ್ತೇನೆ. ಬಿಳಿಚೋಡಿನ ಹತ್ತಿರ ಎಮ್ಮೆ ಅಡ್ಡ ಬಂದು ಗುದ್ದಿದಾಗ ಬಾನೆಟ್ ನಜ್ಜುಗುಜ್ಜಾದರೂ ನಿಮಗೆ ಒಂದು ಗೀರೂ ಆಗಲಿಲ್ಲವೆಂದು ಬರೆದಿದ್ದೀರಿ. ನೀವು ಕ್ಷೇಮವಾಗಿರುವುದು ಸಂತೋಷ. ನಿಮ್ಮ ಅಂದಾಜಿನ ಪ್ರಕಾರ ಆಗ ವೇಗ 40ರಷ್ಟಿತ್ತು. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಕಾರಿನ ಮುಂಭಾಗದ ಶೇ 40ರಷ್ಟನ್ನು ಮಾತ್ರ ಅಡೆತಡೆಗೆ ತಾಗಿಸಿ ಗಂಟೆಗೆ 64 ಕಿಲೋಮೀಟರಿನಲ್ಲಿ ಗುದ್ದಿಸುತ್ತಾರೆ. ಗುದ್ದಿನ ಶಕ್ತಿ ವೇಗದ ವರ್ಗದಂತೆ ಏರುವುದರಿಂದ 40ಕ್ಕೂ 64ಕ್ಕೂ ಇರುವ ಅಂತರ ಒಂದೂವರೆ ಪಟ್ಟಲ್ಲ, ಎರಡೂವರೆ ಪಟ್ಟು. ಜೊತೆಗೆ ಗುದ್ದಿದಾಗ ಎಮ್ಮೆ ಸರಿದು ಹೋಗುತ್ತದೆ, ಕಾಂಕ್ರೀಟಿಗೆ ಕಟ್ಟಿದ ಅಡೆತಡೆ ಸರಿಯುವುದಿಲ್ಲ. ನಕ್ಷತ್ರಗಳ ವಿಷಯದಲ್ಲೂ ನಮ್ಮ ವಿಮರ್ಶಕರು ಕಾರನ್ನು ಹೀಗಳೆದಿಲ್ಲ, ಇಸವಿಯನ್ನು ನೋಡಿ ಎಂದಿದ್ದಾರೆ. 2022ರ ಜುಲೈನಿಂದ ಗ್ಲೋಬಲ್ ಎನ್‌ಕ್ಯಾಪ್ ನಿಯಮ ಬಿಗಿಯಾಯಿತು: ಪಕ್ಕದಿಂದ ಬೀಳುವ ಗುದ್ದು, ಪಾದಚಾರಿಗಳ ರಕ್ಷಣೆ, ಜಾರುವಾಗ ಗಾಡಿಯನ್ನು ಹಿಡಿತಕ್ಕೆ ತರುವ ಇಎಸ್‌ಸಿ, ಇವೆಲ್ಲ ಲೆಕ್ಕಕ್ಕೆ ಸೇರಿದವು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಯಿತು. ನಿಮ್ಮ ಕಾರಿನ ಪರೀಕ್ಷೆ ಇವೆರಡಕ್ಕೂ ಮೊದಲಿನದು. ಟಾಟಾ ನೆಕ್ಸಾನ್‌ಗೆ 2018ರ ಆಗಸ್ಟ್‌ನಲ್ಲಿ ನಾಲ್ಕು ನಕ್ಷತ್ರ ಬಂದಾಗ ಕಂಪನಿ ಸುಮ್ಮನಾಗದೆ ಬದಲಾವಣೆ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಐದು ಪಡೆಯಿತು. ಆ ತಿದ್ದುಪಡಿಗೆ ದಾರಿ ಮಾಡಿದ್ದು ಪರೀಕ್ಷೆಯ ಫಲಿತಾಂಶ. ಮಾಲೀಕರು ತೃಪ್ತರಾಗಿದ್ದಾರೆಂಬ ಕಾರಣಕ್ಕೆ ಯಾವ ಕಂಪನಿಯೂ ಬಾಗಿಲಿನ ಕಬ್ಬಿಣ ದಪ್ಪ ಮಾಡುವುದಿಲ್ಲ.

ಮರುಮಾರಾಟದ ಬೆಲೆಯ ಬಗ್ಗೆ ನಮ್ಮ ಅಂಕಣಕ್ಕೆ ಇಲ್ಲದ ಶಕ್ತಿಯನ್ನು ನೀವು ಆರೋಪಿಸಿದ್ದೀರಿ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಹೊಸ ಗಾಡಿ ಅಗ್ಗವಾದ ದಿನವೇ ಅದರ ಹಳೆಯ ಗಾಡಿಯೂ ಅಗ್ಗವಾಗುತ್ತದೆ. ಅದಕ್ಕೆ ಮೊದಲು ಪೂರ್ತಿ ತೆರಿಗೆ ಕಟ್ಟಿ ಕೊಂಡ ನಿಮ್ಮಂಥವರಿಗೆ ಪೆಟ್ಟು ಬಿದ್ದಿದೆ. ಹಳೆಯ ಕಾರಿನ ದಲ್ಲಾಳಿ ನಿಮಗೆ ಕಡಿಮೆ ಬೆಲೆ ಹೇಳಿ, "ಪತ್ರಿಕೆಯಲ್ಲೇ ಬಂದಿದೆಯಲ್ಲ ಸಾರ್" ಎಂದು ನಮ್ಮತ್ತ ಬೆರಳು ತೋರಿಸಿದ್ದರೆ ಅದು ಅವನ ಚೌಕಾಸಿಯ ಜಾಣತನ.

ಪತ್ರದ ಕೊನೆಯಲ್ಲಿ, ಹೊನ್ನಾಳಿಯಲ್ಲಿರುವ ನಿಮ್ಮ ಭಾವಮೈದುನ ಇದೇ ಕಾರನ್ನು ಬುಕ್ ಮಾಡಲು ಹೊರಟಿದ್ದಾರೆಂದೂ, ನಾವು ಏನು ಹೇಳುತ್ತೇವೆಂದೂ ಸ್ವಲ್ಪ ಸವಾಲಿನ ಧಾಟಿಯಲ್ಲಿ ಕೇಳಿದ್ದೀರಿ. ಅವರು ಹೆಚ್ಚಾಗಿ ಒಬ್ಬರೇ ಅಥವಾ ಗಂಡ ಹೆಂಡತಿ ಓಡಾಡುವವರಾದರೆ, ಹೊಲದ ದಾರಿ, ಹಂಪ್‌ಗಳು ಮತ್ತು ಖರ್ಚು ಇವೇ ಅವರ ಮುಖ್ಯ ಚಿಂತೆಯಾದರೆ, ನಿಮ್ಮ ಲೆಕ್ಕದ ಪುಸ್ತಕವನ್ನು ಅವರ ಕೈಗೆ ಕೊಡಿ; ನಮ್ಮ ವಿಮರ್ಶೆಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಂದೆ ತಾಯಿ ಮಕ್ಕಳೆಲ್ಲ ಸೇರಿ ವರ್ಷಕ್ಕೆ ಹಲವು ಸಲ ಶಿವಮೊಗ್ಗ ದಾಟಿ ಆಗುಂಬೆ ಘಾಟಿ ಇಳಿದು ಹತ್ತುವವರಾದರೆ, ಅದೇ ಕಾರಿನ ಟರ್ಬೊ ಮಾದರಿಗೆ ದುಡ್ಡು ಹೊಂದಿಸಲಿ, ಇಲ್ಲವೇ ಬೇರೆ ಗಾಡಿ ನೋಡಲಿ. ಒಂದು ಲೀಟರಿನದೇ ಆದರೂ ಟರ್ಬೊ ಎಂಜಿನ್ನಿನ ಎಳೆತ 160 ನ್ಯೂಟನ್ ಮೀಟರಿನವರೆಗೆ ಹೋಗುತ್ತದೆ, ಎತ್ತರದ ಗಾಳಿಗೂ ಅಷ್ಟಾಗಿ ಸೊರಗುವುದಿಲ್ಲ. ಏನೇ ಆಗಲಿ, ಶೋರೂಮಿನವರು ಪಕ್ಕದಲ್ಲಿ ಒಬ್ಬರನ್ನೇ ಕೂರಿಸಿ ರಿಂಗ್ ರಸ್ತೆಯಲ್ಲಿ ಹೊಡೆಸುವ ಒಂದು ಸುತ್ತಿಗೆ ಅವರು ಒಪ್ಪಿಕೊಳ್ಳಬಾರದು. ಮನೆಯವರನ್ನೆಲ್ಲ ಹತ್ತಿಸಿಕೊಂಡು, ಎಸಿ ಹಾಕಿ, ಎರಡು ಪಥದ ರಸ್ತೆಯಲ್ಲೇ ಟೆಸ್ಟ್ ಡ್ರೈವ್ ಕೊಡಿ ಎಂದು ಕೇಳಲಿ; ಕೊಡುವುದಿಲ್ಲವೆಂದರೆ ಮುಂಗಡ ಕಟ್ಟುವುದನ್ನು ಮುಂದಕ್ಕೆ ಹಾಕಲಿ.

ನಿಮ್ಮ ಪೆಟ್ರೋಲ್ ಲೆಕ್ಕವನ್ನೂ ಸರ್ವಿಸ್ ಬಿಲ್ಲುಗಳನ್ನೂ ಹೆಸರು ತೆಗೆದು ಮುಂದಿನ ಸಂಚಿಕೆಯಲ್ಲಿ ಒಂದು ಪುಟದಷ್ಟು ಪ್ರಕಟಿಸಲು ನಿಮ್ಮ ಒಪ್ಪಿಗೆ ಬೇಕು. ಒಪ್ಪುವುದಾದರೆ, ಪ್ರತಿಗಳಲ್ಲಿ ಎರಡನೇ ವರ್ಷದ ಜುಲೈ ತಿಂಗಳ ಹಾಳೆ ಇಲ್ಲ, ಅದನ್ನೂ ದಯವಿಟ್ಟು ಕಳುಹಿಸಿಕೊಡಿ.

— ಸಂಪಾದಕ